ದೊಡ್ಡೋರ ಸಿನಿಮಾ

ನಮ್ಮ ಸೋದರಮಾವನಂಥ ಸತ್ಯವಂತರು ಹುಣಸೂರು ತಾಲ್ಲೂಕಿನಲ್ಲೇ ಇಲ್ಲ. ಅದೇ ತೊಂದರೆ! ಮದುವೆಮನೆಯ ಊಟ ಹೇಗಿತ್ತು ಎಂದರೆ ಬೇರೆಯವರು 'ಚೆನ್ನಾಗಿತ್ತು' ಎಂದು ಎಲೆಯಡಿಕೆ ಹಾಕಿಕೊಳ್ಳುತ್ತಾರೆ. ಇವರು ಹೆಣ್ಣಿನ ತಂದೆಯನ್ನೇ ಹುಡುಕಿಕೊಂಡು ಹೋಗಿ, ಪಾಯಸ ತಳ ಹಿಡಿದಿತ್ತು, ಎರಡನೇ ಪಂಕ್ತಿಗೆ ಸಾರಿಗೆ ನೀರು ಬಿತ್ತು, ನಾನೇ ಕಂಡೆ ಎಂದು ವರದಿ ಒಪ್ಪಿಸುತ್ತಾರೆ. ಹೀಗಾಗಿ ಲಗ್ನಪತ್ರಿಕೆ ತಂದವರು ಅದನ್ನು ಅತ್ತೆಯ ಕೈಗೆ ಕೊಟ್ಟು, ಮಾವ ಹೊಗೆಸೊಪ್ಪಿನ ಹೊಲದಿಂದ ಬರುವುದರೊಳಗೆ ಬಸ್ಸು ಹತ್ತಿಬಿಡುತ್ತಾರೆ.

ಇಷ್ಟು ನೇರ ಮಾತಿನ ಮನುಷ್ಯ ಒಂದು ಪದವನ್ನು ಮಾತ್ರ ಬಾಯಿಗೆ ತರುವುದಿಲ್ಲ. ಅವರ ಊರು ಗುರುಪುರ ದಾಟಿ ಕಾಡಿನಂಚಿನಲ್ಲಿದೆ. ಅಲ್ಲಿ 'ಆನೆ' ಎನ್ನಬಾರದಂತೆ. ಹೆಸರು ಹಿಡಿದರೆ ಕರೆದ ಹಾಗಾಗುತ್ತದಂತೆ. 'ದೊಡ್ಡೋರು' ಎನ್ನಬೇಕು, ಅದೂ ಬಹುವಚನದಲ್ಲಿ.

ಮೈಸೂರಿನಲ್ಲಿ ಹುಟ್ಟಿ ಬೆಳೆದ ನನ್ನ ಹೆಂಡತಿಗೆ ಇದನ್ನು ಯಾರೂ ಹೇಳಿರಲಿಲ್ಲ. ಮದುವೆಯಾದ ಹೊಸತು. ಮಾವನ ಮನೆಯಲ್ಲಿದ್ದೆವು. ಬೆಳಿಗ್ಗೆ ಆರು ಗಂಟೆಗೆ ಮಾವ ಮೆಲ್ಲಗೆ ಬಾಗಿಲು ತಟ್ಟಿ, "ದೊಡ್ಡೋರು ಬಂದವ್ರೆ ಕಣವ್ವ, ಇತ್ಲಲ್ಲಿ ನಿಂತವ್ರೆ" ಎಂದರು. ಅವಳು ತಲೆ ಬಾಚಿ, ಸೆರಗು ಹೊದ್ದು, ಕಾಲು ತೊಳೆಯಲು ಚೊಂಬಿನಲ್ಲಿ ನೀರು ಹಿಡಿದು, ಹಿತ್ತಿಲ ಬಾಗಿಲು ತೆಗೆದು ಹೊರಟೇಬಿಟ್ಟಳು! ನಾನು ಹಿಂದೆ ಓಡಿದೆ. ದೊಡ್ಡೋರು ಬಾಳೆಗಿಡ ಕಿತ್ತು ಮಣ್ಣು ಕೊಡವುತ್ತಿದ್ದರು. ನಡುವೆ ಇದ್ದದ್ದು ಹದಿನೆಂಟು ಹೆಜ್ಜೆ. ಆಮೇಲೆ ನಾನೇ ಅಳೆದಿದ್ದೇನೆ. ಅವಳು ಚೊಂಬನ್ನು ನೆಲಕ್ಕಿಟ್ಟಳು. ಹಿಂದೆ ಹಿಂದೆ ನಡೆದು ಬಂದಳು. ಬಾಗಿಲು ಹಾಕಿ, ಅಗುಳಿ ಹಾಕಿ, ನನ್ನನ್ನು ಒಂದೇ ಪ್ರಶ್ನೆ ಕೇಳಿದಳು: "ಇವರು ನಿಮಗೆ ಏನಾಗಬೇಕು?"

ಈಗ ಇದನ್ನು ನನಗಿಂತ ಚೆನ್ನಾಗಿ ಅವಳೇ ಹೇಳುತ್ತಾಳೆ.

ಹೋದ ಬೇಸಿಗೆಯಲ್ಲಿ ಅವಳಿಗೆ ಮೈಸೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಆಗಬೇಕಾಯಿತು. ಏಳು ವರ್ಷದ ಮಗಳನ್ನು ಮಾವನ ಮನೆಯಲ್ಲಿ ಬಿಟ್ಟೆವು. ಮಗಳು ಬಟ್ಟೆಯ ಜೊತೆ ತಂದದ್ದು ಒಂದು ಪೆನ್‌ಡ್ರೈವ್. ಅದರಲ್ಲಿ ಒಂದೇ ಒಂದು ಹಳೆಯ ಕಾರ್ಟೂನ್ ಸಿನಿಮಾ. ಹೊಳೆ ದಾಟುವಾಗ ತಾಯಿಯಿಂದ ತಪ್ಪಿಸಿಕೊಂಡ ಆನೆಮರಿಯೊಂದು ಬೆಟ್ಟ ಗುಡ್ಡ ಅಲೆದು, ಹಾಡಿ, ಅತ್ತು, ಕೊನೆಗೆ ತಾಯಿಯನ್ನು ಸೇರುವ ಕಥೆ. ದಿನವೂ ಮಧ್ಯಾಹ್ನ ಅದನ್ನು ಮೊದಲಿಂದ ಕೊನೆಯವರೆಗೂ ನೋಡುತ್ತಿದ್ದಳು. ಯಾಕೆಂದು ಮನೆಯವರಿಗೆಲ್ಲ ಗೊತ್ತಿತ್ತು. ಅಮ್ಮ ವಾಪಸ್ ಬರುತ್ತಾಳಾ ಎಂದು ನನ್ನನ್ನು ಒಮ್ಮೆಯೂ ಕೇಳಲಿಲ್ಲ. ಅಪ್ಪಂದಿರು ಇಂಥದ್ದಕ್ಕೆಲ್ಲ ಹೌದು ಎನ್ನುತ್ತಾರೆಂದು ಅವಳಿಗೆ ತಿಳಿದಿತ್ತು.

ಮಾವನೂ ನೋಡಲು ಕೂತರು. ಕೂತವರು ಸುಮ್ಮನಿರುತ್ತಾರೆಯೇ? ಮೊದಲ ದಿನವೇ ಕಾಲುಗುರು ಎಣಿಸಿದರು. ಮುಂಗಾಲಿಗೆ ಐದಿರಬೇಕಾದ ಕಡೆ ಮೂರೇ ಬರೆದಿದ್ದಾನೆ, ಸುಳ್ಳು. ಮರಿ ಸೊಂಡಿಲಿನಲ್ಲೇ ನೀರು ಗಟಗಟ ನುಂಗಿತು. ಸೊಂಡಿಲಿಗೆ ಎಳೆದುಕೊಂಡು ಬಾಯಿಗೆ ಬಿಟ್ಟುಕೊಳ್ಳಬೇಕು, ಇದೂ ಸುಳ್ಳು. ಎಲ್ಲರ ಕಣ್ಣಲ್ಲಿ ನೀರು ತರಿಸುವ ಹಾಡೊಂದಿದೆ. ಅದರಲ್ಲಿ ಹಿಂಡು ಜೋಳದ ಹೊಲದ ನಡುವೆ ಕುಣಿಯುತ್ತ ಹೋಗುತ್ತದೆ. ಮಾವ ಅಲ್ಲಿ ಸಿನಿಮಾ ನಿಲ್ಲಿಸಿ ಟಿವಿಯ ಹತ್ತಿರ ಹೋದರು.

"ಈ ವಲ ಯಾರ್ದು?"

"ಯಾರ್ದೂ ಅಲ್ಲ ತಾತ. ಹಾಡಿಗೆ ಅಂತ ಇರೋದು."

"ಯಾರ್ದೂ ಅಲ್ದಿದ್ರೆ ಇಷ್ಟು ನೆಟ್ಟಗೆ ಸಾಲು ಯಾಕ್ ಒಡ್ದವ್ರೆ?"

ಇದಕ್ಕೆ ನಿಮ್ಮ ಬಳಿ ಉತ್ತರವಿದೆಯೇ? ಕುಣಿದು ಮುಗಿಯುವಷ್ಟರಲ್ಲಿ ಹನ್ನೊಂದು ಸಾಲು ನೆಲಕಚ್ಚಿತ್ತು. ಆ ರೈತ ಫೋಟೋ ತೆಗೆದು ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟನೋ ಇಲ್ಲವೋ ಎಂಬುದೇ ಮಾವನ ಚಿಂತೆ. ಮುಂದಿನ ಕಥೆಯಲ್ಲಿ ಆ ರೈತ ಬರುವುದೇ ಇಲ್ಲ. ಸಿನಿಮಾದ ಬಗ್ಗೆ ಅವರಿಗೆ ಸಿಟ್ಟು ಬಂದದ್ದೇ ಅಲ್ಲಿ.

ಮೊದಲೆರಡು ದಿನ ಮಗಳು ನಕ್ಕಳು. ಮೂರನೇ ದಿನ ವಾದಿಸಿದಳು. ನಾಲ್ಕನೇ ದಿನ ನಾನು ಆಸ್ಪತ್ರೆಯಿಂದ ಬಂದಾಗ, ತಾತ 'ಸುಳ್ಳು' ಎಂದಾಗಲೆಲ್ಲ ಅವಳು ಟವಲಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಅತ್ತೆ ಅಡುಗೆಮನೆಯಿಂದ ಸೌಟು ಆಡಿಸಿ ಸನ್ನೆ ಮಾಡಿದರು. ಕಂಡದ್ದನ್ನು ಹೇಳಬಾರದೇ ಎಂದು ಮಾವ ಗಟ್ಟಿಯಾಗಿಯೇ ಕೇಳಿದರು.

ಮಾರನೆಯ ಬೆಳಿಗ್ಗೆ ಆಪರೇಷನ್ ಇತ್ತು. ಅದು ಮಗಳಿಗೂ ಗೊತ್ತಿತ್ತು.

ಕೊನೆಯ ದೃಶ್ಯ ಬಂತು. ಗುಡ್ಡದ ಮೇಲೆ ತಾಯಿ ಕಾಣಿಸಿಕೊಂಡಳು. ಆ ದಿನ ಮಗಳೇ ಸಿನಿಮಾ ನಿಲ್ಲಿಸಿದಳು. ತಾತನ ಕಡೆ ತಿರುಗಿ ಕೂತು ಕೇಳಿದಳು.

"ತಾತ, ಇದೂ ಸುಳ್ಳಾ?"

ಒಳಗೆ ಕುಕ್ಕರ್ ಒಂದು ಸಲ ಕೂಗಿತು.

"ಇದು ದಿಟ ಕಣವ್ವ. ನಾನೇ ಕಂಡಿವ್ನಿ. ಕಾಡಂಚಿನ ಕಂದಕದಲ್ಲಿ ಮರಿ ಬಿದ್ದೋಗಿತ್ತು. ಜನ ಸೇರಿ ಗಲಾಟೆ ಮಾಡುದ್ರು ಅಂತ ಅವ್ವ ಒಳಕ್ಕೋದ್ಲು. ಸಂಜೆ ವೊತ್ಗೆ ಬಂದ್ಲು, ಕರ್ಕೊಂಡೋದ್ಲು. ನಿಮ್ಮಪ್ಪನೂ ಅಲ್ಲೇ ಇದ್ದ. ಕೇಳು ಬೇಕಾದ್ರೆ."

ನಾನು ಅಲ್ಲೇ ಇದ್ದೆ. ಕಾಲೇಜಿಗೆ ಹೋಗುತ್ತಿದ್ದ ಕಾಲ. ಮರಿಯನ್ನು ಹಗ್ಗ ಹಾಕಿ ಮೇಲೆತ್ತಿದ ಮೇಲೆ ಮಾವ ಜನರನ್ನೆಲ್ಲ ಬೈದು ಊರಿಗೆ ಅಟ್ಟಿದರು. ನಾವಿಬ್ಬರೂ ದೂರದಲ್ಲಿ, ಹೊಂಗೆಮರದ ಹಿಂದೆ, ಕತ್ತಲಾಗುವವರೆಗೂ ನಿಂತಿದ್ದೆವು. ಮರಿ ಕಾಡಿನ ಕಡೆಗೇ ಮುಖ ಮಾಡಿತ್ತು. ಎರಡು ಸಲ ಕೂಗಿತು. ಲಂಟಾನದ ಪೊದೆ ಅಲುಗಲಿಲ್ಲ. ಮರುದಿನ ಇಲಾಖೆಯ ಲಾರಿ ಬಂದು ಮರಿಯನ್ನು ತೆಗೆದುಕೊಂಡು ಹೋಯಿತು.

ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. "ಬಂದ್ಲಾ ಅಪ್ಪಾ?"

ಮಾವ ನನ್ನ ಕಡೆ ನೋಡಲಿಲ್ಲ. ಅವರ ಹೆಬ್ಬೆರಳು ಬೆಂಚಿನ ಅಂಚನ್ನು ಉಜ್ಜುತ್ತಿತ್ತು.

"ಬಂದ್ಲು" ಎಂದೆ. "ಓಡ್ಕೊಂಡೇ ಬಂದ್ಲು."