ಅಜ್ಜ ಕಾಶಿಗೆ ನಡೆದು ಬಂದದ್ದು

ಮೇಷ್ಟ್ರಾದವನು ಪಾಠವನ್ನು ತೀರಾ ಚೆನ್ನಾಗಿ ಮಾಡಬಾರದು. ಮಾಡಿದರೆ ಮಕ್ಕಳು ಕಲಿತುಬಿಡುತ್ತಾರೆ. ಇದು ನನಗೆ ಗೊತ್ತಾದದ್ದು ಎಪ್ಪತ್ತರ ದಶಕದಲ್ಲಿ, ಕಾಶಿಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಇತಿಹಾಸ ಹೇಳುತ್ತಿದ್ದಾಗ. ಅಂದು ಪ್ರಾಥಮಿಕ ಆಕರ, ದ್ವಿತೀಯಕ ಆಕರಗಳ ಪಾಠ. ಉದಾಹರಣೆಯಿಲ್ಲದೆ ನನಗೆ ಬಾಯಿ ಏಳುವುದಿಲ್ಲ. "ನಮ್ಮಜ್ಜ ಗದಗಿನಿಂದ ಇಲ್ಲಿಗೆ ಮೂರು ತಿಂಗಳು ನಡೆದು ಬಂದರು, ದಾರಿಯಲ್ಲಿ ಕರಡಿಯನ್ನು ಕೋಲಿನಿಂದ ಓಡಿಸಿದರು. ಇದನ್ನು ನಾನು ಹೇಳಿದರೆ ದ್ವಿತೀಯಕ; ಅಜ್ಜನೇ ಬರೆದಿಟ್ಟಿದ್ದರೆ ಪ್ರಾಥಮಿಕ" ಎಂದೆ. ಕರಡಿ ಬರುವ ಹೊತ್ತಿಗೆ ಹುಡುಗಿಯರ ಕಣ್ಣು ಅರಳಿದ್ದವು. ಅಲ್ಲಿಗೆ ನಿಲ್ಲಿಸಬಹುದಿತ್ತು. "ಅಂಥ ಬರಹ ಎಲ್ಲಾದರೂ ಇದ್ದರೆ ಹುಡುಕಿ ತನ್ನಿ" ಎಂದುಬಿಟ್ಟೆ.

ತರಗತಿಯಲ್ಲಿ ಕುಸುಮಾ ಎಂಬವಳಿದ್ದಳು. ಮೈಸೂರು ಕಡೆಯ ರೈಲ್ವೆ ನೌಕರರ ಮಗಳು, ಕೇದಾರ ಘಾಟಿನ ಬಳಿ ಮನೆ. ಕನ್ನಡ ಆಡುತ್ತಾಳೆ, ಓದಲು ಬಾರದು. ವಾರದ ಮೇಲೆ ಓಡಿಬಂದಳು. "ಸರ್, ನಮ್ಮ ಗಲ್ಲಿ ಭಟ್ಟರ ಹತ್ರ ಯಾತ್ರಿಕರ ಪೋಥಿ ಇದೆ. ಆಪ್ ಕೇ ಅಜ್ಜಂದು ಪನ್ನಾ ಸಿಕ್ತು! ನಾಳೆ ಕ್ಲಾಸಲ್ಲಿ ಓದ್ತೀನಿ. ಪ್ರಿನ್ಸಿಪಾಲ್ ಮೇಡಮ್ಮೂ ಬರ್ತಾರಂತೆ."

ಪೋಥಿಯೆಂದರೆ ಕಾಶಿಗೆ ಬಂದವರು ಊರು, ಮನೆತನ ಸಮೇತ ತಮ್ಮ ಕೈಯಾರೆ ಬರೆದು ಹೋಗುವ ವಹಿ; ಪನ್ನಾ ಎಂದರೆ ಅದರ ಪುಟ. ಸಂಜೆ ಭಟ್ಟರ ಮನೆಗೆ ಧಾವಿಸಿದೆ. ನಮ್ಮ ಕಡೆಯವರೇ ಆದ ಅವರು ಸಂಭ್ರಮದಿಂದ ಪುಟ ತೆರೆದರು. "ನೋಡ್ರಿ ಮಾಸ್ತರ್, ನಿಮ್ಮಜ್ಜನ ಕೈಬರಹ. ಮುತ್ತಿನಂಥಾ ಅಕ್ಷರ!"

ಮುತ್ತಿನಂಥ ಅಕ್ಷರದಲ್ಲಿ ಅಜ್ಜ ಬರೆದಿದ್ದರು: 'ಹುಬ್ಬಳ್ಳಿಯಿಂದ ರೈಲಿನಲ್ಲಿ ಕ್ಷೇಮವಾಗಿ ಬಂದೆವು. ಹೊಳೆಗಿಳಿಯಲು ಅಂಜಿಕೆಯಾಗಿ, ಘಾಟಿನ ಪಾವಟಿಗೆಯ ಮೇಲೆ ಕೂತು ತಂಬಿಗೆಯಿಂದ ಸ್ನಾನ ಮಾಡಿದೆನು.'

"ಇದನ್ನ ಸ್ವಲ್ಪ ದಿನ ಒಳಗ ಇಡ್ತೀರೇನ್ರಿ?" ಎಂದೆ.

"ಯಾಕ್ರಿ? ಆ ಹುಡುಗಿಗೆ ನಾನ ಓದಿ ಹೇಳೇನಿ, ಆಕಿ ಹಿಂದ್ಯಾಗ ಬರಕೊಂಡು ಹೋಗ್ಯಾಳ."

ಹಿಂದಿಯಲ್ಲಿ! ಹೋದ ಜೀವ ಬಂತು. ಮರುದಿನ ಕುಸುಮಾ ಎದ್ದು ನಿಂತ ಕೂಡಲೇ ತಡೆದೆ. "ನಿಲ್ಲಮ್ಮ. ಇದು ಅನುವಾದ, ಮೂಲವಲ್ಲ. ದ್ವಿತೀಯಕ!"

"ಗೊತ್ತು ಸರ್. ಅದಕ್ಕೇ ಭಟ್ಟರನ್ನೇ ಕರ್ಕೊಂಡು ಬಂದಿದೀನಿ."

ಬಾಗಿಲಲ್ಲಿ ಭಟ್ಟರು ನಿಂತಿದ್ದರು, ಕಂಕುಳಲ್ಲಿ ಕೆಂಪು ಬಟ್ಟೆ ಸುತ್ತಿದ ಪೋಥಿ. ಕನ್ನಡದಲ್ಲಿ ಓದಿ ಹಿಂದಿಯಲ್ಲಿ ವಿವರಿಸಿದರು. ತಂಬಿಗೆಯ ಮಾತು ಬಂದಾಗ ಪ್ರಿನ್ಸಿಪಾಲರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಹಾಗಾದ್ರೆ ನಡೆದು ಬಂದ್ರು ಅಂತ ನಿಮಗೆ ಯಾರು ಹೇಳಿದ್ದು ಸರ್?" ಎಂದಳು ಕುಸುಮಾ.

"ಅಜ್ಜಿ" ಎಂದೆ. ಪಾಪ, ಅಜ್ಜಿ ಹೇಳಿದ್ದು 'ಕಾಶಿಗೆ ಹೋಗಿ ಬಂದರು' ಎಂದಷ್ಟೇ. ನಡಿಗೆಯನ್ನು ನಾನು ಸೇರಿಸಿದ್ದು ಕಾಲೇಜಿನಲ್ಲಿದ್ದಾಗ. ಕರಡಿಯನ್ನು, ಮದುವೆಯಾದ ಮೇಲೆ.

"ಅಜ್ಜಿ ಬಾಯಿಂದ ಕೇಳಿದವರು ಬೇರೆ ಯಾರಾದ್ರೂ ಇದಾರಾ ಸರ್?" ಗದಗಿನಲ್ಲಿ ಸೋದರತ್ತೆ ಇದ್ದಾಳೆಂದು ಬಾಯಿತಪ್ಪಿ ಅಂದೆ. ಕುಸುಮಾ ಭಟ್ಟರಿಂದ ಕಾಗದ ಬರೆಸಲು ವಿಳಾಸ ಕೇಳಿದಳು. ಪ್ರಿನ್ಸಿಪಾಲರೆದುರು ಇಲ್ಲವೆನ್ನಲಾದೀತೇ? ಕೊಟ್ಟೆ, ಆಗಷ್ಟೇ ಬಂದಿದ್ದ ಪಿನ್‌ಕೋಡಿನಲ್ಲಿ ಮಾತ್ರ ಒಂದಂಕಿ ತಪ್ಪಿಸಿದೆ. ನಮ್ಮೂರ ಅಂಚೆಯಣ್ಣ ಪಿನ್‌ಕೋಡನ್ನು ನೋಡುವುದೇ ಇಲ್ಲವೆಂದು ತಿಳಿದದ್ದು, ಅತ್ತೆಯ ನಾಲ್ಕು ಪುಟದ ಉತ್ತರ ಶಾಲೆಯ ವಿಳಾಸಕ್ಕೆ ಬಂದಾಗ.