ನಮ್ಮ ಮತಗಟ್ಟೆಯಲ್ಲಿ ನೋಟಾ ಒತ್ತಿದ ಆ ಒಬ್ಬರಿಗೆ

ಮಾನ್ಯರೇ, ಅಥವಾ ಮಾನ್ಯೆಯೇ,

ತಾವು ಗಂಡಸೋ ಹೆಂಗಸೋ, ಹಲ್ಲು ಬಿದ್ದವರೋ ಮೊದಲ ಸಲ ಬೆರಳಿಗೆ ಶಾಯಿ ಹಚ್ಚಿಸಿಕೊಂಡವರೋ ತಿಳಿಯದ ಕಾರಣ, ಎಲ್ಲಕ್ಕೂ ಸೇರಿಸಿ ಒಂದು ದೊಡ್ಡ ನಮಸ್ಕಾರ. ತಮ್ಮ ಮನೆಯಲ್ಲಿ ಎಲ್ಲರೂ ಕ್ಷೇಮವೆಂದೂ ನಲ್ಲಿಯಲ್ಲಿ ನೀರು ಬರುತ್ತಿದೆಯೆಂದೂ ನಂಬಿದ್ದೇನೆ. ತಮ್ಮ ಕೃಪೆಯಿಂದ ನಮ್ಮ ಮನೆಯಲ್ಲಿ ಅದು ನಿಂತುಹೋಗಿತ್ತು, ಆ ಕುರಿತೇ ಈ ದೂರು.

ನಾನು ಜಕ್ಕೂರು ಹಳೇ ಊರಿನ ಸೊಸೆ ರಾಧಾಮಣಿ. ಕಳೆದ ವಿಧಾನಸಭಾ ಚುನಾವಣೆಯಲ್ಲಿ ಬಕೆಟ್ ಗುರುತಿನಿಂದ ಪಕ್ಷೇತರರಾಗಿ ನಿಂತು ಠೇವಣಿ ಕಳೆದುಕೊಂಡ ನಂದಕುಮಾರ್ ನನ್ನ ಗಂಡನ ಅಣ್ಣ, ಅಂದರೆ ನನಗೆ ಭಾವ. ಸೋತದ್ದಕ್ಕೆ ಅವರು ಅಷ್ಟೇನೂ ನೊಂದುಕೊಳ್ಳಲಿಲ್ಲ. ಬೇರೆ ಪಕ್ಷಕ್ಕೆ ಹಾಕಿದ ನೆಂಟರನ್ನೂ "ಸೀರೆ ಇಸ್ಕೊಂಡವ್ರೆ, ಹಾಕವ್ರೆ, ಅದ್ರಲ್ಲೇನೈತೆ" ಎಂದು ದೊಡ್ಡ ಮನಸ್ಸಿನಿಂದ ಕ್ಷಮಿಸಿಬಿಟ್ಟರು. ಆದರೆ ಮತಗಟ್ಟೆವಾರು ಲೆಕ್ಕ ಕೈಗೆ ಬಂದು, ನಮ್ಮ ಊರ ಶಾಲೆಯ ಮತಗಟ್ಟೆಯಲ್ಲಿ ನೋಟಾಕ್ಕೆ ಒಂದೇ ಒಂದು ಮತ ಬಿದ್ದಿದೆಯೆಂದು ಗೊತ್ತಾದ ದಿನದಿಂದ ಅವರಿಗೆ ಅನ್ನ ಸೇರಲಿಲ್ಲ. ಯಾರಿಂದಲೂ ಏನೂ ಇಸಿದುಕೊಳ್ಳದೆ, ಎಲ್ಲರ ಫೋಟೋವನ್ನೂ, ಅದರಲ್ಲಿ ಭಾವನವರ ಫೋಟೋವನ್ನೂ, ಸಾವಕಾಶವಾಗಿ ನೋಡಿ ಇವರಲ್ಲಿ ಯಾರೂ ಬೇಡ ಎಂದವರು ಊರೊಳಗೇ ಓಡಾಡಿಕೊಂಡಿದ್ದಾರೆ ಎಂದರೆ ಅಭ್ಯರ್ಥಿಯಾದವರು ಹೇಗೆ ತಡೆದುಕೊಳ್ಳಬೇಕು, ತಾವೇ ಹೇಳಿ.

ಮೇ ತಿಂಗಳ ಬಿಸಿಲಿನಲ್ಲಿ ಸಾಲು ನಿಂತು, ನೆತ್ತಿ ಸುಡಿಸಿಕೊಂಡು, ಯಾರಿಗೂ ಉಪಯೋಗವಾಗದ ಕೆಲಸವನ್ನು ಇಷ್ಟು ಶ್ರದ್ಧೆಯಿಂದ ಮಾಡಿದ ತಮ್ಮಂಥ ನಿಸ್ವಾರ್ಥಿಗಳು ಈ ಕಾಲದಲ್ಲಿ ಎಲ್ಲಿ ಸಿಗುತ್ತಾರೆ? ಆದರೂ ಸ್ವಾಮೀ, ಒಬ್ಬರೇ ಯಾಕೆ ಒತ್ತಿದಿರಿ? ಪಕ್ಕದ ಮನೆಯವರನ್ನೂ ಒಂದು ಮಾತು ಕರೆಯಬಾರದಿತ್ತೇ? ಈಗಲೂ ಕಾಲ ಮಿಂಚಿಲ್ಲ, ದಯವಿಟ್ಟು ತಮ್ಮ ಆ ಒಂದು ಮತವನ್ನು ಸಣ್ಣಗೆ ಹೆಚ್ಚಿ ಅಮೃತಹಳ್ಳಿ, ಯಲಹಂಕದ ಮತಗಟ್ಟೆಗಳಿಗೂ ಚೂರುಪಾರು ಹಂಚಿಬಿಡಬೇಕೆಂದು ಕೈಮುಗಿದು ಕೋರುತ್ತೇನೆ.

ಹಿಂದೆ ಯಾರೂ ಬೇಡ ಎನ್ನಬೇಕಾದರೆ ಮತಗಟ್ಟೆಯ ಅಧಿಕಾರಿಗೆ ಬಾಯಿಬಿಟ್ಟು ಹೇಳಿ ಸಹಿ ಹಾಕಬೇಕಿತ್ತಂತೆ. ಆ ಮುಜುಗರ ತಪ್ಪಲೆಂದೇ ಸುಪ್ರೀಂ ಕೋರ್ಟು ಗುಟ್ಟಾಗಿ ಒತ್ತುವ ಗುಂಡಿಯನ್ನು ಕೊಡಿಸಿತು. ನಮ್ಮ ಭಾವನವರು ಹಳೆಯ ಪದ್ಧತಿಯನ್ನೇ ಕರ್ಪೂರದ ಮೂಲಕ ವಾಪಸು ತಂದರು. ಊರಿನ ಬಾಗಿಲುಗಳನ್ನೆಲ್ಲ ತಟ್ಟಿ ವಿಚಾರಿಸಿದರೂ ಸುಳಿವು ಸಿಗದೆ, ಇದು ಮನೆಯವರದೇ ಕೆಲಸವೆಂದು ತೀರ್ಮಾನಿಸಿ, ಮನೆತನದವರೆಲ್ಲ ಮಾರಮ್ಮನ ಗುಡಿಯಲ್ಲಿ ಒಬ್ಬೊಬ್ಬರಾಗಿ ಉರಿಯುವ ಕರ್ಪೂರ ಮುಟ್ಟಿ "ಒತ್ತಿದ್ದು ನಾನಲ್ಲ" ಎಂದು ಆಣೆ ಮಾಡಬೇಕೆಂದು ಗೊತ್ತುಮಾಡಿದರು.

ಮೊದಲು ಕರೆದದ್ದು ನನ್ನನ್ನೇ. ಪ್ರಚಾರ ಶುರುವಾದ ದಿನ ಕಾಫಿ ಕೊಡುತ್ತಾ "ಗೆದ್ರೆ ಏನ್ ಮಾಡ್ತೀರಾ ಭಾವ?" ಎಂದು ಕೇಳಿದ್ದೆ. ಅವರು ಕಾಫಿ ಮುಗಿಯುವವರೆಗೂ ತಾರಸಿ ನೋಡಿ "ಅದು ಗೆದ್ಮೇಲೆ ನೋಡ್ಕೊಳ್ಳಣ ಬಿಡಮ್ಮ" ಎಂದಿದ್ದರು. ಅಂಥ ಪ್ರಶ್ನೆ ಕೇಳಿದವಳನ್ನು ಬಿಟ್ಟು ಇನ್ನಾರನ್ನು ಅನುಮಾನಿಸಬೇಕು? ನಾನು ಕರ್ಪೂರ ಮುಟ್ಟಲಿಲ್ಲ. ಒತ್ತಿದ್ದೆ ಎಂದಲ್ಲ, ಒತ್ತಿರಲಿಲ್ಲ ಎಂದೂ ಅಲ್ಲ. ಅದನ್ನು ಇಲ್ಲಿಯೂ ಹೇಳುವುದಿಲ್ಲ, ಈ ಪತ್ರವನ್ನು ನನಗೆ ನಾನೇ ಬರೆದುಕೊಂಡಿದ್ದೇನೆಂದು ಭಾವನವರು ತಿಳಿದರೆ ತಿಳಿಯಲಿ. ಅಲ್ಲದವರೆಲ್ಲ ಆಣೆಯಿಟ್ಟು ಪಕ್ಕಕ್ಕೆ ಸರಿದರೆ ನಡುವೆ ಉಳಿಯುವವರು ತಾವೊಬ್ಬರೇ ತಾನೇ? ತಮ್ಮನ್ನು ಹಿಡಿದುಕೊಡುವ ಕೆಲಸಕ್ಕೆ ನನ್ನ ಕೈ ಬರುವುದಿಲ್ಲ ಎಂದು ಹೇಳಿ ಬಂದೆ. ಆವತ್ತಿನ ಆಣೆ ಅಲ್ಲಿಗೇ ನಿಂತಿತು.

ಅಣ್ಣತಮ್ಮಂದಿರ ಎರಡೂ ಮನೆಗೆ ಇರುವುದು ಒಂದೇ ಬೋರ್‌ವೆಲ್, ಅದರ ವಾಲ್ವ್ ಇರುವುದು ಭಾವನವರ ಅಂಗಳದಲ್ಲಿ. ಮಾರನೆಯ ಬೆಳಿಗ್ಗೆ ನಮ್ಮ ಕಡೆಯ ವಾಲ್ವ್ ಮುಚ್ಚಿತು. ಬಕೆಟ್ ಗುರುತಿನ ಅಭ್ಯರ್ಥಿಯ ತಮ್ಮನ ಮನೆಯಲ್ಲಿ ಒಂದು ಬಕೆಟ್ ನೀರಿಗೂ ಗತಿಯಿಲ್ಲದಂತಾಯಿತು. ಇವತ್ತು ಬರುತ್ತೇನೆಂದ ಟ್ಯಾಂಕರಿನವನು ನಾಡಿದ್ದು ಬರುತ್ತಿದ್ದ. ನನ್ನ ಯಜಮಾನರು ಶಿವರಾಮ್ "ಮುಟ್ಬಿಡೇ ಅತ್ಲಾಗೆ, ಏನ್ ಹೋಗ್ತದೆ ನಿಂದು?" ಎಂದು ದಿನವೂ ಗೋಗರೆಯುತ್ತಿದ್ದರು. ಎರಡು ದಿನದ ಮುಸುರೆ ಪಾತ್ರೆಗಳ ಮುಂದೆ ಕೂತು ನಾನು ಅತ್ತದ್ದೂ ಉಂಟು. ಆಗ ನನಗೆ ಭಾವನವರಿಗಿಂತ ತಮ್ಮ ಮೇಲೆಯೇ ಕೆಟ್ಟ ಸಿಟ್ಟು ಬಂದಿತ್ತು ಎಂಬುದನ್ನು ಸವಿನಯವಾಗಿ ತಿಳಿಸುತ್ತೇನೆ.

ಎರಡನೆಯ ಸಲ ಗುಡಿಗೆ ಕರೆಸಿದಾಗ ಭಾವನವರು ಜಾಣತನ ಮಾಡಿ, ಅವರ ಮನೆಯಲ್ಲೇ ಇರುವ ತಾಯಿಯನ್ನು, ಅಂದರೆ ನಮ್ಮ ಅತ್ತೆ ಗೋಪಾಲಮ್ಮನವರನ್ನು ಮುಂದೆ ಬಿಟ್ಟರು. ಹಿರಿಯರೇ ಮುಟ್ಟಿದ ಮೇಲೆ ಸೊಸೆಯ ಹಟ ಎಲ್ಲಿ ನಿಂತೀತು ಎಂಬ ಲೆಕ್ಕಾಚಾರ. ಅತ್ತೆ ಅಮ್ಮನವರಿಗೆ ಕೈಮುಗಿದು, ಮಗನ ಕಡೆ ತಿರುಗಿ, "ವೋಟು ಹಾಕೋವಾಗ ನನ್ ಮಗ್ಗುಲಲ್ಲಿ ಯಾರೂ ಇರ್ಲಿಲ್ಲ. ಈಗ್ಯಾಕೆ ಇಂಗೆ ಬಂದು ನಿಂತಿದ್ದೀಯ? ನಾನ್ ಬಾಯಿ ಬಿಡಲ್ಲ ಕಣೋ, ಅದೇನ್ ಮಾಡ್ಕೊಂತೀಯೋ ಮಾಡ್ಕೊ" ಎಂದು ಸೆರಗು ಹೊದ್ದು ನಡೆದೇಬಿಟ್ಟರು. ಅವರ ಹಿಂದೆ ಒಬ್ಬೊಬ್ಬರೇ ಎದ್ದು ಹೋದರು. ಕರ್ಪೂರ ತನ್ನ ಪಾಡಿಗೆ ಉರಿದು ಆರಿತು. ಆಣೆ ಮಾಡದವರಿಗೆಲ್ಲ ನೀರು ನಿಲ್ಲಿಸುವುದಾದರೆ ಭಾವನವರು ಮೊದಲು ತಮ್ಮ ಮನೆಯ ನಲ್ಲಿಯನ್ನೇ ನಿಲ್ಲಿಸಬೇಕಾಗಿತ್ತು. ಸಂಜೆಗೆಲ್ಲ ನಮ್ಮ ಸಂಪು ತುಂಬಿತು.

ಆದ್ದರಿಂದ ನನ್ನ ದೂರನ್ನು ಹಿಂತೆಗೆದುಕೊಂಡಿದ್ದೇನೆ. ತಾವು ಯಾರೇ ಆಗಿರಿ, ಹೊರಗೆ ಬಂದು ಒಪ್ಪಿಕೊಂಡು ನನ್ನ ಕಷ್ಟವನ್ನೆಲ್ಲ ನೀರುಪಾಲು ಮಾಡಬೇಡಿ.

ತಮ್ಮ ಮುಖ ಕಾಣದ ವಿಶ್ವಾಸಿ,
ರಾಧಾಮಣಿ

ತಾ.ಕ.: ಭಾವನವರು ಮುಂದಿನ ಸಲವೂ ನಿಲ್ಲುತ್ತಾರಂತೆ. ಬಕೆಟ್‌ಗಾಗಿ ಅವರು ಇಷ್ಟು ಮನೆಗಳ ಬಾಗಿಲು ತಟ್ಟಿರಲಿಲ್ಲ, ತಮ್ಮನ್ನು ಹುಡುಕಿಕೊಂಡು ತಟ್ಟಿದರು. ನೋಟಾ ಎಂಬುದೊಂದು ಇದೆಯೆಂದೇ ಅರಿಯದ ನಮ್ಮ ಬೀದಿಯ ಹೆಂಗಸರೆಲ್ಲ ಈಗ ನೀರು ಹಿಡಿಯುವ ನೆಪದಲ್ಲಿ ಬಂದು, ಅದು ಯಾವ ಗುಂಡಿ ಎಂದು ಮೆಲ್ಲಗೆ ಕೇಳಿ ಹೋಗುತ್ತಿದ್ದಾರೆ. ಎಲ್ಲಕ್ಕಿಂತ ಕೆಳಗಿನದು, ಭಾವನವರ ಫೋಟೋ ದಾಟಿದ ಮೇಲೆ ಸಿಗುತ್ತದೆ ಎಂದು ಹೇಳಿ ಕಳಿಸುತ್ತಿದ್ದೇನೆ.