ಬೇಲಿಗೊಂದು ತಡಮೆ

ನಿಯಮಗಳೆಂದರೆ ನನಗೆ ಇಷ್ಟ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬಸ್ಸಿನಲ್ಲಿ 'ಕೈ, ತಲೆ ಹೊರಗೆ ಹಾಕಬಾರದು' ಎಂದು ಬರೆದಿದ್ದರೆ ಇಳಿಯುವ ತನಕ ಅದನ್ನು ನಾಲ್ಕೈದು ಸಲ ಓದುತ್ತೇನೆ, ಓದಿದಾಗಲೆಲ್ಲ ನನ್ನ ಕೈ ಒಳಗಿದೆಯೇ ಎಂದು ನೋಡಿಕೊಳ್ಳುತ್ತೇನೆ. ಹೈಸ್ಕೂಲಿನಲ್ಲಿ ಬಹುಕಾಲ ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾದವನಿಗೆ ಇದೊಂದು ಅಂಟುಜಾಡ್ಯ. ಈ ಬರಹವನ್ನು ನಾನು 'ನೆನಪೆಂಬುದು ಬೇಲಿಯಿಲ್ಲದ ಹಿತ್ತಿಲು' ಎಂದು ಶುರು ಮಾಡಿದ್ದೆ. ವಾಕ್ಯ ಚೆಂದ ಇತ್ತು. ಚೆಂದ ಇತ್ತೆಂದೇ ಅನುಮಾನ ಬಂದು ಹೊಡೆದುಹಾಕಿದೆ. ಅಷ್ಟು ನುಣುಪಾಗಿ ನೆನಪಾಗುವುದು ಯಾವುದೂ ಹಾಗೆ ನಡೆದಿರುವುದಿಲ್ಲ. ಹಾಗಾಗಿ ಮುಂದೆ ಬರುವುದರಲ್ಲಿ ಎಲ್ಲಿ ನಾನು ಜಾಣನಾಗಿ ಕಾಣುತ್ತೇನೋ ಅಲ್ಲೆಲ್ಲ ನನ್ನ ನೆನಪು ಕೈಯಾಡಿಸಿದೆ ಎಂದು ತಿಳಿಯಿರಿ. ಅಂಥ ಜಾಗಗಳು ಹೆಚ್ಚೇನೂ ಇಲ್ಲ.

ಗುರುವಾಯನಕೆರೆಯಿಂದ ಮೂಡುಬಿದಿರೆ ಕಡೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ ನಮ್ಮ ಮನೆ. ಪಕ್ಕದಲ್ಲಿ ಸಂಜೀವಣ್ಣನ ಮನೆ. ಸಂಜೀವಣ್ಣ ಬಿ.ಸಿ.ರೋಡ್ ಲೈನಿನ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಕೆಲಸ ಬಿಟ್ಟ ಮೇಲೂ ಗಂಟಲು ಬಿಟ್ಟಿಲ್ಲ. ಅವರ ಜಗಲಿಯಲ್ಲಿ ಇಬ್ಬರು ಕೂತಿದ್ದರೂ ಒಂದು ಬಸ್ಸಿನ ಜನರಿಗೆ ಕೇಳುವಷ್ಟು ಮಾತಾಡುತ್ತಾರೆ. ನಾನು ದಿನಕ್ಕೆ ನಾಲ್ಕು ಸಲ ಆ ಜಗಲಿಗೆ ಹೋಗುತ್ತೇನೆ. ಪೇಪರ್ ನೋಡಲು ಒಮ್ಮೆ, ಪೇಪರಿನಲ್ಲಿ ಬಂದದ್ದು ಸುಳ್ಳೆಂದು ವಾದಿಸಲು ಒಮ್ಮೆ, ಉಳಿದೆರಡಕ್ಕೆ ಕಾರಣ ಇಲ್ಲ. ಹೋಗದ ದಿನ ಊಟ ಸೇರುವುದಿಲ್ಲ. ಎರಡು ಮನೆಗಳ ನಡುವೆ ಬೇಲಿ ಇರಲಿಲ್ಲ. ಅದರ ಕೊರತೆ ಯಾರಿಗೂ ಕಂಡಿರಲೂ ಇಲ್ಲ, ಸಂಜೀವಣ್ಣನ ದನ ಗೌರಿ ನಮ್ಮ ಬಸಳೆ ಚಪ್ಪರವನ್ನು ಕಂಡುಹಿಡಿಯುವ ತನಕ.

ಆ ಬಸಳೆಗೊಂದು ಹಿನ್ನೆಲೆ ಉಂಟು. ಅದರ ಬಳ್ಳಿ ಕೊಟ್ಟದ್ದು ಮುಂಡಾಜೆಯಲ್ಲಿರುವ ನನ್ನ ಹೆಂಡತಿ ಸುಮಿತ್ರಾಳ ಅಣ್ಣ. ಕೊಡುವಾಗ, "ನಿಮ್ಮ ಆ ಮುರಕಲ್ಲಿನ ಗಟ್ಟಿ ಜಾಗದಲ್ಲಿ ಇದು ಬರುವುದಿಲ್ಲ ಭಾವ, ಸುಮ್ಮನೆ ತಕೊಂಡು ಹೋಗ್ತೀರಿ" ಎಂದಿದ್ದರು. ಸುಮಿತ್ರಾ ಅಲ್ಲೇ ನಿಂತಿದ್ದಳು. "ಚೌತಿಗೆ ಬಾ ಅಣ್ಣ. ನಮ್ಮ ಜಾಗದ ಬಸಳೆಯ ಪುಂಡಿಯನ್ನೇ ಬಡಿಸ್ತೇನೆ" ಎಂದಳು. ಪುಂಡಿ ಎಂದರೆ ಬಸಳೆಯ ಸಾರಿಗೆ ಹಾಕುವ ಅಕ್ಕಿಯ ಉಂಡೆ. ಅಣ್ಣ ತಂಗಿಯರ ನಡುವೆ ಅದು ಬಾಯಿಮಾತಲ್ಲ. ಅವಳು ಹಟ್ಟಿಗೊಬ್ಬರ ಹಾಕಿ, ಅಕ್ಕಿ ತೊಳೆದ ನೀರು ಎರೆದು, ಬಳ್ಳಿ ಚಪ್ಪರ ಹತ್ತುವವರೆಗೆ ನನ್ನನ್ನು ಅದರ ಹತ್ತಿರ ಸೀನಲಿಕ್ಕೂ ಬಿಡಲಿಲ್ಲ. ಒಂದು ಬೆಳಿಗ್ಗೆ ನೋಡಿದರೆ ಚಪ್ಪರ ಮಾತ್ರ ಉಂಟು. ಕೆಳಗೆ ಗೌರಿ ಕಣ್ಣು ಅರ್ಧ ಮುಚ್ಚಿ ನಿಂತಿದ್ದಾಳೆ.

"ಬೇರು ಒಂದು ಬಿಟ್ಟಿದ್ದಾಳೆ" ಎಂದಳು ಸುಮಿತ್ರಾ. "ಅದೂ ನೀವು ಓಡಿಸಿದ್ದಕ್ಕಲ್ಲ, ಅವಳ ಹೊಟ್ಟೆ ತುಂಬಿದ್ದಕ್ಕೆ. ಚೌತಿಗೆ ಇನ್ನು ಎಷ್ಟು ದಿವಸ ಉಂಟು ಗೊತ್ತುಂಟಾ ನಿಮಗೆ?"

ನಾನು ಧೀರನಾಗಿ, "ಬೇಲಿ ಹಾಕುವ" ಎಂದೆ. ಹಾಗೆ ನನ್ನ ನೆನಪು. ಬೇಲಿ ಎಂದದ್ದು ತಾನು, ನಾನು ಅಂದದ್ದು "ಅದಕ್ಕೆ ನಿಯಮ ಏನುಂಟೋ ಕೇಳ್ಬೇಕು" ಎಂದು ಮಾತ್ರ, ಎನ್ನುತ್ತಾಳೆ ಅವಳು. ಅವಳದ್ದೇ ಸರಿ ಇರಬೇಕು. ಆ ಮಾತಿಗೆ ನನ್ನ ವಾಸನೆ ಉಂಟು.

ಮರುದಿನವೇ ಪಂಚಾಯತ್ ಕಚೇರಿಗೆ ಹೋದೆ. ಎರಡು ಪುಟದ ಅರ್ಜಿ, ಜತೆಗೆ ಬಣ್ಣದ ಪೆನ್ಸಿಲಿನಲ್ಲಿ ನಾನೇ ಬರೆದ ನಕ್ಷೆ. ನಕ್ಷೆಯಲ್ಲಿ ಮನೆ ಕೆಂಪು, ಬಸಳೆ ಹಸಿರು, ಗೌರಿ ಬರುವ ದಾರಿಗೆ ಬಾಣದ ಗುರುತು. ಗುಮಾಸ್ತೆ ಹುಡುಗಿ ಅದನ್ನು ಉದ್ದಕ್ಕೂ ಅಡ್ಡಕ್ಕೂ ತಿರುಗಿಸಿ ನೋಡಿದಳು.

"ಸರ್, ಇದು ಬೇಲಿಯಾ ಕಂಪೌಂಡಾ?"

"ಕೆಳಗೆ ಎರಡು ವರಸೆ ಕೆಂಪುಕಲ್ಲು, ಮೇಲೆ ಕಂಬ, ತಂತಿ. ಒಂದು ನಮೂನೆ ನಡುವಿನದ್ದು."

"ನಡುವಿನದ್ದು ಅಂತ ಇಲ್ಲ ಸರ್. ಕಲ್ಲು ಕಟ್ಟಿದರೆ ಕಂಪೌಂಡು. ಅದಕ್ಕೆ ಜಾಗದ ದಾಖಲೆ ಬೇಕು, ನಕ್ಷೆ ಬೇಕು, ರಸ್ತೆ ಬದಿ ಆದರೆ ರಸ್ತೆಯಿಂದ ಜಾಗ ಬಿಡಬೇಕು. ಪಕ್ಕದವರ ಆಕ್ಷೇಪ ಇಲ್ಲ ಅಂತ ಸಹಿ ಬೇಕು. ಬರೀ ಕಂಬ ನೆಟ್ಟು ತಂತಿ ಎಳೆಯುವುದಾದರೆ ನಿಮ್ಮ ಜಾಗದಲ್ಲಿ ನೀವು ಎಳೀರಿ, ಇಲ್ಲಿ ಕೇಳಲಿಕ್ಕೆ ಬರುವುದೇ ಬೇಡ."

ಕೇಳಲಿಕ್ಕೆ ಬರುವುದೇ ಬೇಡ ಎಂದದ್ದು ನನ್ನ ಮನಸ್ಸಿಗೆ ನಾಟಿತು. ಬಣ್ಣದ ಪೆನ್ಸಿಲಿನ ಇಡೀ ಸಂಜೆ ಹಾಳಾದಂತಾಯಿತು. "ಆದರೂ ಪಕ್ಕದವರ ಸಹಿ ತಂದುಕೊಡ್ತೇನೆ, ಇಟ್ಕೊಳ್ಳಿ" ಎಂದೆ. "ಇಟ್ಕೊಳ್ಳಲಿಕ್ಕೆ ಫೈಲ್ ಇಲ್ಲ ಸರ್" ಎಂದಳು. ತುಂಬ ಮರ್ಯಾದೆಯಿಂದಲೇ ಹೇಳಿದಳು. ಸಮಾಜ ವಿಜ್ಞಾನದಲ್ಲಿ ಆಕೆಗೆ ಎಷ್ಟು ಅಂಕ ಕೊಟ್ಟಿದ್ದೆನೋ ನೆನಪಾಗಲಿಲ್ಲ. ನನ್ನ ವಿದ್ಯಾರ್ಥಿನಿ ಆಗಿದ್ದಳೋ ಇಲ್ಲವೋ ಎಂಬುದೂ ನೆನಪಾಗಲಿಲ್ಲ.

ಬೇಡದಿದ್ದರೂ ಸಹಿ ಕೇಳಲು ಸಂಜೀವಣ್ಣನ ಜಗಲಿಗೆ ಹೋದೆ. ಒಬ್ಬನ ದನದ ವಿರುದ್ಧ ಹಾಕುವ ಬೇಲಿಗೆ ಅವನದೇ ಸಹಿ ಕೇಳುವುದು ಸಣ್ಣ ಮುಜುಗರವಲ್ಲ. ಅವರು ಕಾಗದವನ್ನು ದೂರ ಹಿಡಿದು ಓದಿದರು. ನಾವು ಮಾತಾಡಿಕೊಳ್ಳುವುದು ತುಳುವಿನಲ್ಲಿ. ಇಲ್ಲಿ ಕನ್ನಡಕ್ಕೆ ತರುವಾಗ ಅವರ ಗಂಟಲು ಹೊರಗೇ ಉಳಿದಿದೆ, ನೀವು ಸೇರಿಸಿಕೊಳ್ಳಬೇಕು.

"ಹಾಕಿ ಮಾಸ್ಟ್ರೆ, ಖಂಡಿತ ಹಾಕಿ. ಆ ಹಾಳು ದನದ ಬಾಯಿ ನನಗೂ ಸಾಕಾಗಿದೆ. ಆದರೆ ತಡಮೆ ಎಲ್ಲಿ? ಈ ಕಾಗದದಲ್ಲಿ ಕಾಣುವುದಿಲ್ಲ."

ತಡಮೆ ಎಂದರೆ ಬೇಲಿಯ ನಡುವೆ ತಗ್ಗಿಸಿ ಬಿಡುವ ಕಂಡಿ. ಮನುಷ್ಯ ಕಾಲೆತ್ತಿ ದಾಟಬೇಕು, ದನ ದಾಟಬಾರದು. ನಮ್ಮಲ್ಲಿ ಎರಡು ಮನೆ ನಡುವೆ ತಡಮೆ ಬಿಡದೆ ಬೇಲಿ ಹಾಕಿದರೆ ಮಾತು ಬಿಟ್ಟಂತೆ ಲೆಕ್ಕ. ಇದು ಪಂಚಾಯತಿನ ಯಾವ ಕಾಗದದಲ್ಲೂ ಇಲ್ಲ, ಆದರೆ ಎಲ್ಲರಿಗೂ ಗೊತ್ತಿರುವ ನಿಯಮ. ನಿಯಮಪ್ರಿಯನಾದ ನಾನೇ ಅದನ್ನು ಮರೆತಿದ್ದೆ.

"ತಡಮೆ ಇದ್ದರೆ ಆಕ್ಷೇಪ ಇಲ್ಲ. ತಡಮೆ ಇಲ್ಲದಿದ್ದರೆ ಆಕ್ಷೇಪ ಉಂಟು ಅಂತ ಬರೀರಿ, ಸಹಿ ಹಾಕ್ತೇನೆ. ನೀವು ರಸ್ತೆ ಸುತ್ತಿ ಗೇಟಿನಿಂದ ಬರುವುದಾದರೆ ದಿನಕ್ಕೆ ನಾಲ್ಕು ಟ್ರಿಪ್ಪು ಆಗ್ತದಾ ಮಾರಾಯ್ರೆ?"

ಆಗುವುದಿಲ್ಲ. ಅದು ನನ್ನ ಹೊಟ್ಟೆಯೊಳಗಿದ್ದ ಭಯವೂ ಹೌದು. ಬಸಳೆಯೂ ಉಳಿಯಬೇಕು, ಜಗಲಿಯೂ ಉಳಿಯಬೇಕು. ಎರಡು ದಿನದಲ್ಲಿ ಕಂಬ ನೆಟ್ಟು ತಂತಿ ಎಳೆದದ್ದಾಯಿತು. ತಂತಿಯ ಒಂದು ತುದಿ ಹಿಡಿದವರು ಸಂಜೀವಣ್ಣ. "ಎಳೀರಿ, ಎಳೀರಿ, ಹಿಂದೆ ಜಾಗ ಉಂಟು!" ಎಂದು ಅವರು ಕೂಗುತ್ತಿದ್ದರೆ ನನಗೆ ಯಾರೋ ಬಸ್ಸು ಹತ್ತುತ್ತಿದ್ದಾರೆ ಅನ್ನಿಸುತ್ತಿತ್ತು.

ಕೊನೆಗೆ ಉಳಿದದ್ದು ತಡಮೆಯ ಎತ್ತರ. ಅದಕ್ಕೂ ಕ್ರಮ ಉಂಟು ಎಂದರು ಸಂಜೀವಣ್ಣ. ದಾಟುವವರಲ್ಲಿ ಯಾರ ಕಾಲು ಎಲ್ಲರಿಗಿಂತ ಕಡಿಮೆ ಏಳುತ್ತದೋ ಅವರ ಅಳತೆಗೆ ಅಡ್ಡಮರ ಕಟ್ಟಬೇಕು. ಎಲ್ಲರೂ ಅವರ ತಾಯಿ ಕಲ್ಯಾಣಜ್ಜಿಯ ಕಡೆ ನೋಡಿದೆವು. ಅಜ್ಜಿಗೆ ಎಂಬತ್ತು ದಾಟಿದೆ. ಎಷ್ಟು ದಾಟಿದೆ ಎಂಬುದು ಅಜ್ಜಿಯ ಲೆಕ್ಕದಲ್ಲಿ ವರ್ಷ ವರ್ಷವೂ ಬದಲಾಗುತ್ತದೆ. ತೊಡೆಯೆತ್ತರಕ್ಕೆ ಅಡ್ಡಮರ ಹಿಡಿದರು. ಅಜ್ಜಿ ಸೀರೆ ಎತ್ತಿ ಸಿಕ್ಕಿಸಿ, ಕಂಬಕ್ಕೊಂದು ಕೈ ಕೊಟ್ಟು, ಎಲೆಯಡಿಕೆ ಜಗಿಯುವುದನ್ನೂ ನಿಲ್ಲಿಸದೆ ಆಚೆ ಇಳಿದರು. ಚಪ್ಪಾಳೆ ತಟ್ಟಬೇಕೆನ್ನಿಸಿತು.

"ಇನ್ನು ಮಾಸ್ಟ್ರು" ಎಂದರು ಅಜ್ಜಿ.

ನಾನು ಬಲಗಾಲು ಎತ್ತಿದೆ. ಅದು ಆಚೆ ಹೋಯಿತು. ಎಡಗಾಲು ಬರಲೊಪ್ಪಲಿಲ್ಲ. ಆಗ ನಾನು ಎಷ್ಟು ಹೊತ್ತು ಆ ಮರದ ಮೇಲಿದ್ದೆ ಎಂಬುದರಲ್ಲಿ ಭಿನ್ನಾಭಿಪ್ರಾಯವಿದೆ. ನನ್ನ ಪ್ರಕಾರ ಅರ್ಧ ನಿಮಿಷ. ಸುಮಿತ್ರಾ ಹೇಳುವಂತೆ ಅವಳು ಒಳಗೆ ಹೋಗಿ ಒಲೆ ಆರಿಸಿ ಬಂದಳು.

"ತಗ್ಗಿಸು ಮಗ, ತಗ್ಗಿಸು" ಎಂದರು ಕಲ್ಯಾಣಜ್ಜಿ. "ಪಾಪ, ಓದಿದವರ ಕಾಲು."

ಮರ ಒಂದು ಗೇಣು ಇಳಿಯಿತು. ಇನ್ನೊಂದು ಗೇಣು ಇಳಿಯಿತು. ಕೊನೆಗೆ ನನ್ನ ಮೊಣಕಾಲಿನ ಕೆಳಗೆ ಬಂದು ನಿಂತಿತು. ನಾನು ಗಾಂಭೀರ್ಯದಿಂದ ಆಚೆಗೊಮ್ಮೆ ಈಚೆಗೊಮ್ಮೆ ದಾಟಿ ತೋರಿಸಿದೆ. ಅಲ್ಲೇ ನಿಂತು ಗೌರಿ ಅದನ್ನು ನೋಡುತ್ತಿದ್ದಳು. ಆಗಲೇ ನೋಡುತ್ತಿದ್ದಳೋ, ಮುಂದೆ ನಡೆದದ್ದರಿಂದ ನನ್ನ ನೆನಪು ಅವಳನ್ನು ತಂದು ಅಲ್ಲಿ ನಿಲ್ಲಿಸಿತೋ, ಆಣೆ ಮಾಡಿ ಹೇಳಲಾರೆ.

ಮುಂದೆ ನಡೆದದ್ದು ಇಷ್ಟೇ. ಬೇರಿನಿಂದ ಬಸಳೆ ಮತ್ತೆ ಚಿಗುರಿ ಚಪ್ಪರಕ್ಕೆ ಕೈ ಹಾಕುವ ಹೊತ್ತಿಗೆ ಒಂದು ಬೆಳಿಗ್ಗೆ ನಾನು ಪೇಪರ್ ನೋಡಿ ತಡಮೆ ದಾಟಿ ಬಂದೆ. ನನ್ನ ಹಿಂದೆಯೇ, ಒಂದೊಂದೇ ಕಾಲನ್ನು ನನಗಿಂತ ಸಲೀಸಾಗಿ ಎತ್ತಿಟ್ಟು, ಗೌರಿ ದಾಟಿ ಬಂದಳು. ಸುಮಿತ್ರಾ ಪೊರಕೆ ಹಿಡಿದು ಓಡಿ ಬಂದದ್ದರಿಂದ ಎರಡೇ ಎರಡು ಚಿಗುರು ಹೋಯಿತು.

"ಒಳ್ಳೆ ಬೇಲಿ" ಎಂದಳು. "ನಿಮ್ಮ ಕಾಲಿಗೂ ಅವಳ ಕಾಲಿಗೂ ಒಂದೇ ಅಳತೆ."

"ಮರವನ್ನು ಸ್ವಲ್ಪ ಏರಿಸುವ" ಎಂದೆ.

"ಏರಿಸಿದರೆ ನೀವು ಅದರ ಮೇಲೆ ಕೂತಿರ್ತೀರಿ. ಚೌತಿಗೆ ಅಣ್ಣ ಬಂದು ಇಳಿಸಬೇಕು."

ಅವಳು ಪಂಚಾಯತಿಗೆ ಹೋಗಲಿಲ್ಲ, ಯಾರ ಸಹಿಯನ್ನೂ ಕೇಳಲಿಲ್ಲ, ನಕ್ಷೆ ಬರೆಯಲಿಲ್ಲ. ಅಡಿಕೆ ಮರ ಸೀಳಿ ಮಾಡಿದ ಹಳೆಯ ದಬ್ಬೆಗಳನ್ನು ಎಳೆದು ತಂದು ಮಧ್ಯಾಹ್ನದ ಊಟದೊಳಗೆ ಬಸಳೆಯ ಸುತ್ತ ಮಾತ್ರ ಎದೆಯೆತ್ತರದ ಬೇಲಿ ಕಟ್ಟಿದಳು. ಒಳಗೆ ಹೋಗಲು ಮೂಲೆಯ ಎರಡು ದಬ್ಬೆ ಸರಿಸಬೇಕು. ಯಾವ ಎರಡು ಎಂಬುದು ಅವಳಿಗೆ ಮಾತ್ರ ಗೊತ್ತು. ಹೊರಗಿನ ದೊಡ್ಡ ಬೇಲಿ ಇದ್ದಲ್ಲೇ ಇದೆ. ಅದರಿಂದ ಯಾರಿಗೂ ತೊಂದರೆ ಇಲ್ಲ. ಕಲ್ಯಾಣಜ್ಜಿ ಅದರ ತಂತಿಯಲ್ಲಿ ಬಟ್ಟೆ ಒಣಗಿಸುತ್ತಾರೆ.

ಚೌತಿಗೆ ಭಾವ ಬಂದರು. ಬಸಳೆ ಪುಂಡಿಯನ್ನು ಮೂರು ಸಲ ಹಾಕಿಸಿಕೊಂಡರು. "ಬಂದಿದೆಯಲ್ಲ, ಪರವಾಗಿಲ್ಲ" ಎಂದರು. ಅವರ ಬಾಯಲ್ಲಿ ಅದು ಸನ್ಮಾನ ಪತ್ರ. ಸುಮಿತ್ರಾ ಬಡಿಸುವ ಸೌಟು ಹಿಡಿದೇ ನನ್ನ ಕಡೆ ನೋಡಿ ನಕ್ಕಳು.

ಅವರಿಗೆ ಕಟ್ಟಿ ಕೊಡಲು ನಾಲ್ಕು ದಂಟು ಬೇಕಿತ್ತು. "ನಾನು ತರ್ತೇನೆ" ಎಂದು ಉತ್ಸಾಹದಿಂದ ಎದ್ದು ಹೋದೆ. ಸರಿಯುವ ದಬ್ಬೆ ಸಿಗಲಿಲ್ಲ. ಸುತ್ತ ಒಂದು ಪ್ರದಕ್ಷಿಣೆ ಬಂದಾಗ ಗೌರಿಯೂ ಅಲ್ಲಿದ್ದಳು, ಯಾವಾಗ ಬಂದಳೋ. ಬಳ್ಳಿಯ ತುದಿಯೊಂದು ದಬ್ಬೆಗಳ ಸಂದಿನಿಂದ ಹೊರಗೆ ಇಣುಕಿತ್ತು. ನಾನು ಕೈ ಚಾಚಿದೆ. ನನ್ನ ಕೈಗಿಂತ ಗೌರಿಯ ಕತ್ತು ಉದ್ದ.

"ಯಾರದು ಅಲ್ಲಿ, ಬಸಳೆಯ ಹತ್ತಿರ?" ಎಂದು ಅಡುಗೆಮನೆಯ ಕಿಟಕಿಯಿಂದ ಸುಮಿತ್ರಾ ಕೂಗಿದಳು.

"ನಾವು" ಎಂದೆ.